ಪಾರ್ಕಲ್ಲಿ ಕೇಳಿದ ಕ್ಷಮೆ ಲೆಕ್ಕಕ್ಕಿಲ್ವಾ?

ನಾಟಕದ ಮೇಷ್ಟ್ರು (ಊರು ಸಾಗರ, ಸದ್ಯಕ್ಕೆ ಕೆನಡಾದ ಸರ್ರೆ)

ಎಲ್ಲರಿಗೂ ನಮಸ್ಕಾರ. ನಾನು ರಿಟೈರ್ ಆದ ಹೈಸ್ಕೂಲ್ ಕನ್ನಡ ಮೇಷ್ಟ್ರು. ಮೊಮ್ಮಗನನ್ನು ನೋಡಿಕೊಳ್ಳುವ ನೆಪದಲ್ಲಿ ಆರು ತಿಂಗಳಿಗೆ ಮಗಳ ಮನೆಗೆ ಬಂದಿದ್ದೇನೆ. ನೆಪ ಯಾಕೆಂದರೆ ಮೊಮ್ಮಗ ಬೆಳಿಗ್ಗೆ ಎಂಟಕ್ಕೇ ಡೇಕೇರಿಗೆ ಹೋಗುತ್ತಾನೆ. ಆಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದಕ್ಕೇ ದಿನಾ ಬೇರ್ ಕ್ರೀಕ್ ಪಾರ್ಕಿಗೆ ವಾಕಿಂಗ್ ಹೋಗುತ್ತೇನೆ.

ಅಲ್ಲಿ ಪಂಜಾಬಿ ಹಿರಿಯರ ಒಂದು ಇಸ್ಪೀಟಿನ ಗುಂಪು ಇದೆ. ಅವರ ಹಿಂದಿಯಲ್ಲಿ ಮುಕ್ಕಾಲು ಪಂಜಾಬಿ. ನನ್ನ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗೆ ಓದಿದ್ದು, ಅದೂ ನಲವತ್ತೈದು ವರ್ಷದ ಹಿಂದೆ. ಆದರೂ ಹರಟೆಗೆ ತೊಂದರೆ ಇಲ್ಲ. ನನ್ನನ್ನು 'ಮಾಸ್ಟರ್‌ಜೀ' ಅಂತ ಕರೆದು ಬೆಂಚಿನಲ್ಲಿ ಜಾಗ ಬಿಡುತ್ತಾರೆ.

ಹೋದ ವಾರ ಅವರಲ್ಲೊಬ್ಬರು, ಎಂಬತ್ತು ದಾಟಿದವರು, ಎಲೆ ಕೆಳಗಿಟ್ಟು ಮೈದಾನದ ಕಡೆ ಕೈ ತೋರಿಸಿದರು. 2008ರ ಆಗಸ್ಟ್ 3ರಂದು ಇಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಗದರ್ ಪಾರ್ಟಿಯವರ ನೆನಪಿನ ಮೇಳ ಇತ್ತಂತೆ. ಪ್ರಧಾನಿ ಸ್ಟೀಫನ್ ಹಾರ್ಪರ್ ಸ್ಟೇಜ್ ಹತ್ತಿ ಕೊಮಗಾಟಾ ಮಾರು ಪ್ರಕರಣಕ್ಕೆ ಕ್ಷಮೆ ಕೇಳಿದರಂತೆ. 'ಆಮೇಲೆ?' ಅಂದೆ. 'ಆಮೇಲೇನು, ಬೇಡ ಅಂದೆವು' ಅಂದರು. ಪ್ರಧಾನಿ ಆ ಕಡೆ ಇಳಿದು ಹೋಗುತ್ತಿದ್ದಂತೆ ಈ ಕಡೆ ಸಂಘಟಕರು ಮೈಕ್ ಹಿಡಿದು 'ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ, ಪಾರ್ಲಿಮೆಂಟಿನಲ್ಲಿ ಕೇಳಬೇಕು' ಎಂದರಂತೆ. ಈ ಅಜ್ಜನೂ ಕೂಗಿದ್ದಾರೆ. ಹೇಳಿ ಮುಗಿಸಿ ಮತ್ತೆ ಎಲೆ ಎತ್ತಿಕೊಂಡರು. ಆ ಆಟವೂ ಸೋತರು.

ಗೊತ್ತಿಲ್ಲದವರಿಗೆ ಎರಡು ಮಾತು. 1914ರ ಮೇ 23ಕ್ಕೆ ಕೊಮಗಾಟಾ ಮಾರು ಅನ್ನೋ ಜಪಾನಿ ಹಡಗು ಹಾಂಗ್‌ಕಾಂಗ್ ಕಡೆಯಿಂದ ವ್ಯಾಂಕೂವರ್ ಬಂದರಿಗೆ ಬಂತು. ಅದನ್ನು ಬಾಡಿಗೆಗೆ ಹಿಡಿದವರು ಗುರುದಿತ್ ಸಿಂಗ್. ಒಳಗೆ 376 ಜನ. ಬಹುಪಾಲು ಸಿಖ್ಖರು, ಜೊತೆಗೆ ಒಂದಿಷ್ಟು ಮುಸ್ಲಿಮರು, ಹಿಂದೂಗಳು. ಇಂಗ್ಲೆಂಡಿನ ರಾಜ ಇವರಿಗೂ ರಾಜ, ಕೆನಡಾದವರಿಗೂ ರಾಜ. ಆದರೂ ಇಳಿಯೋಕೆ ಬಿಡಲಿಲ್ಲ. ಕಾನೂನು ಹೇಗಿತ್ತು ಗೊತ್ತಾ? ಬರುವವರು ತಮ್ಮ ಸ್ವಂತ ದೇಶದಿಂದ ನಡುವೆ ಎಲ್ಲೂ ನಿಲ್ಲದೆ ಒಂದೇ ಪ್ರಯಾಣದಲ್ಲಿ ಬರಬೇಕು. ಭಾರತದಿಂದ ಹಾಗೆ ನೇರ ಬರುವ ಹಡಗೇ ಇರಲಿಲ್ಲ! ಆ ನಿಯಮದಲ್ಲಿ ಭಾರತದ ಹೆಸರೇ ಇಲ್ಲ. ವ್ಯಾಕರಣ ಹೇಳಿಕೊಟ್ಟವನಾಗಿ ಹೇಳುತ್ತೇನೆ, ಬಹಳ ಜಾಣ ವಾಕ್ಯ. ಎರಡು ತಿಂಗಳು ಹಡಗು ನೀರಲ್ಲೇ ನಿಂತಿತ್ತು. ದಡ ಕಣ್ಣಿಗೆ ಕಾಣುತ್ತೆ, ಕಾಲಿಡುವ ಹಾಗಿಲ್ಲ. ಮೊದಲೇ ಇಲ್ಲಿ ವಾಸವಿದ್ದ ಸುಮಾರು ಇಪ್ಪತ್ತು ಜನರನ್ನು ಮಾತ್ರ ಇಳಿಸಿಕೊಂಡರು. ಜುಲೈ 23ಕ್ಕೆ ಯುದ್ಧನೌಕೆ ಕಾವಲಿನಲ್ಲಿ ಉಳಿದವರನ್ನು ವಾಪಸ್ ಅಟ್ಟಿದರು. ಸೆಪ್ಟೆಂಬರ್ 29ಕ್ಕೆ ಕಲ್ಕತ್ತಾ ಹತ್ತಿರದ ಬಜ್‌ಬಜ್‌ನಲ್ಲಿ ಬ್ರಿಟಿಷರು ಅವರ ಮೇಲೆ ಗುಂಡು ಹಾರಿಸಿದರು. ಸುಮಾರು ಇಪ್ಪತ್ತು ಜನ ಸತ್ತರು.

ಈಗ ನನ್ನ ಪ್ರಶ್ನೆ. ಕ್ಷಮೆ ಕ್ಷಮೆಯೇ ಅಲ್ವಾ? ಪ್ರಧಾನಿಯೇ ಬಂದು ಸಾವಿರಾರು ಜನರ ಎದುರು ಕೇಳಿದ್ದು ಯಾಕೆ ಸಾಲಲಿಲ್ಲ?

ಇನ್ನೊಂದು ಉಪಪ್ರಶ್ನೆ. ಇದನ್ನು ರಾತ್ರಿ ಊಟದ ಹೊತ್ತಿಗೆ ತೆಗೆದೆ. ಅಳಿಯ ಅಂದ, 'ಮಾವ, 2016ರಲ್ಲಿ ಪ್ರಧಾನಿ ಟ್ರೂಡೊ ಪಾರ್ಲಿಮೆಂಟಲ್ಲೇ ಕೇಳಿದಾನೆ ಬಿಡಿ. ಆದ್ರೆ ಅವನು ಮೊದಲು ಡ್ರಾಮಾ ಟೀಚರ್. ಅವನಿಗೇನು, ಅಳು ಅಂದ್ರೆ ಅಳ್ತಾನೆ.' ಮೂವತ್ತು ವರ್ಷ ಸ್ಕೂಲ್ ಡೇ ನಾಟಕ ಆಡಿಸಿದವನು ನಾನು. ಹುಳಿ ಬಡಿಸಿಕೊಳ್ಳುವಾಗ ಸ್ವಲ್ಪ ಜೋರಾಗಿಯೇ ಸೌಟು ಇಟ್ಟೆ. ನಾಟಕ ಅಂದರೆ ಸುಳ್ಳು ಅಂತ ಈ ಮಕ್ಕಳಿಗೆ ಯಾರು ಹೇಳಿಕೊಟ್ಟರು?

ಬರ್ನಬಿ ಭಾವ

ಮೇಷ್ಟ್ರೇ, ನಾನು ನಿಮ್ಮಿಂದ ಅರ್ಧ ಗಂಟೆ ದೂರದಲ್ಲಿದ್ದೇನೆ. ಫ್ರಿಜ್ಜಿನ ಜೊತೆ ಬೇಜಾರಾದರೆ ಮನೆಗೆ ಬನ್ನಿ, ಫಿಲ್ಟರ್ ಕಾಫಿ ಸಿಗುತ್ತೆ.

ಜಾಗ ಬೇಕೇ ಬೇಕು ಸಾರ್. ಹಾರ್ಪರ್‌ಗೆ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳೋದು ಗೊತ್ತಿರಲಿಲ್ಲ ಅಂತೇನೂ ಇಲ್ಲ. 2006ರ ಜೂನ್‌ನಲ್ಲಿ ಚೀನೀಯರ ತಲೆಗಂದಾಯಕ್ಕೆ ಅಲ್ಲೇ ಎದ್ದು ನಿಂತು ಕೇಳಿದ್ದರು. ಚೀನಾದಿಂದ ಬರುವವನು ತಲೆಗೆ ಇಷ್ಟು ಅಂತ ಕಟ್ಟಬೇಕಿತ್ತು. 1885ರಲ್ಲಿ 50 ಡಾಲರ್ ಇದ್ದದ್ದು 1903ಕ್ಕೆ 500 ಆಯಿತು. ಬೇರೆ ಯಾವ ದೇಶದವರಿಗೂ ಇಲ್ಲದ ಕಂದಾಯ. ಅವತ್ತು ಹಾರ್ಪರ್ ಒಂದು ಮಾತು ಕ್ಯಾಂಟನೀಸ್ ಭಾಷೆಯಲ್ಲೂ ಹೇಳಿದರು. ಆಮೇಲೆ 2008ರ ಜೂನ್ 11ಕ್ಕೆ ಮೂಲನಿವಾಸಿ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋಗಿ ಇಡುತ್ತಿದ್ದ ವಸತಿ ಶಾಲೆಗಳಿಗಾಗಿ ಅದೇ ಸಭೆಯಲ್ಲಿ ಕ್ಷಮೆ. ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ, ನಮ್ಮವರ ಸರದಿ ಬಂದಾಗ ಪಾರ್ಕು! ಇಬ್ಬರಿಗೆ ಒಳಗೆ ಕರೆದು ಎಲೆ ಹಾಕಿ, ಮೂರನೆಯವನಿಗೆ ಗೇಟಿನ ಹತ್ತಿರ ಪೊಟ್ಟಣ ಕೊಟ್ಟ ಹಾಗೆ. ಊಟ ಅದೇ ಇರಬಹುದು. ತಿನ್ನೋಕೆ ಮನಸ್ಸಾಗುತ್ತಾ?

ಇನ್ನೊಂದು ಏನೆಂದರೆ ಪಾರ್ಲಿಮೆಂಟಿನಲ್ಲಿ ಆಡಿದ ಪ್ರತಿ ಮಾತೂ ಹ್ಯಾನ್ಸಾರ್ಡ್ ಎಂಬ ಕಡತಕ್ಕೆ ಹೋಗುತ್ತೆ. ಪಾರ್ಕಿನ ಮಾತು ಮಾರನೇ ದಿನದ ಪೇಪರ್‌ವರೆಗೆ. ಹಡಗಿನವರ ವಂಶದವರು ಕೇಳಿದ್ದು ಆ ಕಡತದಲ್ಲಿ ನಾಲ್ಕು ಸಾಲು. ನಮ್ಮ ಸಿರಾ ತಾಲ್ಲೂಕಿನ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಅದೇ ಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದಾಗ ನಾವು ಯಾಕೆ ಅಷ್ಟು ಕುಣಿದೆವು? ಸಂಘದ ರಾಜ್ಯೋತ್ಸವದಲ್ಲಿ ಎಲ್ಲರೂ ಕನ್ನಡದಲ್ಲೇ ಮಾತಾಡ್ತಾರಲ್ವಾ. ಜಾಗದ ತೂಕ ಅದು.

2016ರ ಮೇ 18ರ ಟ್ರೂಡೊ ಕ್ಷಮೆಯಲ್ಲಿ ನನಗೆ ಹಿಡಿಸಿದ್ದು ಒಂದು ವಿವರ. ಆಗ ರಕ್ಷಣಾ ಸಚಿವರಾಗಿದ್ದವರು ಹರ್ಜಿತ್ ಸಜ್ಜನ್. ಪಂಜಾಬಿನಲ್ಲಿ ಹುಟ್ಟಿ ವ್ಯಾಂಕೂವರಿನಲ್ಲಿ ಬೆಳೆದ ಸಿಖ್ಖರು. ಮಂತ್ರಿ ಆಗುವ ಮೊದಲು ಸೈನ್ಯದಲ್ಲಿ ಒಂದು ರೆಜಿಮೆಂಟಿನ ಮುಖ್ಯಸ್ಥರಾಗಿದ್ದರು. 1914ರಲ್ಲಿ ಆ ಹಡಗನ್ನು ಓಡಿಸೋಕೆ ಕೈಹಾಕಿದ್ದು ಅದೇ ರೆಜಿಮೆಂಟ್. ಟ್ರೂಡೊ ಅದನ್ನು ಸಭೆಯಲ್ಲಿ ಹೇಳಿದರು. ಬರೆದವರು ಯಾರೋ ಗೊತ್ತಿಲ್ಲ, ಆದರೆ ಒಳ್ಳೆ ಸೀನ್ ಬರೆದಿದ್ದಾರೆ.

ಇನ್ನು ಹಾಸ್ಯ ಕೇಳಿ. ಅದೇ ದಿನ ಸಂಜೆ ಬೇರೊಂದು ಮಸೂದೆಯ ವೋಟಿಂಗ್ ತಡವಾಗ್ತಿದೆ ಅಂತ ಇದೇ ಟ್ರೂಡೊ ಸೀಟು ಬಿಟ್ಟು ಹೋಗಿ ವಿರೋಧ ಪಕ್ಷದ ಸಚೇತಕರ ತೋಳು ಹಿಡಿದು ಎಳೆದರು. ಮೊಣಕೈ ಹಿಂದೆ ನಿಂತಿದ್ದ ಒಬ್ಬ ಸಂಸದೆಗೆ ತಗುಲಿತು. ಗಲಾಟೆಯೋ ಗಲಾಟೆ. ಮತ್ತೆ ಎದ್ದು ಕ್ಷಮೆ. ಮಾರನೇ ದಿನ ಇನ್ನೊಂದು ಸಲ. ಒಂದೇ ದಿನದ ಕಡತದಲ್ಲಿ 102 ವರ್ಷ ಹಳೆಯ ತಪ್ಪಿಗೂ ಕ್ಷಮೆ ಇದೆ, ಆಗ ತಾನೇ ಮಾಡಿದ ತಪ್ಪಿಗೂ ಇದೆ.

ಲಾಸ್ಟ್ ಬೆಂಚ್, ದಾವಣಗೆರೆ

ಮೇಷ್ಟ್ರೇ, ಟ್ರೂಡೊ ಬರೀ ಡ್ರಾಮಾ ಟೀಚರ್ ಅಲ್ಲ, ಟಿವಿಯಲ್ಲಿ ಆಕ್ಟ್ ಕೂಡ ಮಾಡಿದಾರೆ. 2007ರಲ್ಲಿ ಮೊದಲ ಮಹಾಯುದ್ಧದ ಮೇಲೆ ಬಂದ ಒಂದು ಕಿರುಸರಣಿಯಲ್ಲಿ ಟಾಲ್ಬಟ್ ಪ್ಯಾಪಿನೋ ಎಂಬ ಅಧಿಕಾರಿಯ ಪಾತ್ರ. ಯುದ್ಧದಲ್ಲಿ ಸಾಯುವ ಪಾತ್ರ. ತುಣುಕು ನೋಡಿದೆ. ಮೀಸೆ ಚೆನ್ನಾಗಿದೆ. ಆಕ್ಟಿಂಗ್ ಬಗ್ಗೆ ಹೇಳೋದಾದರೆ, ಮೀಸೆ ನಿಜವಾಗ್ಲೂ ಚೆನ್ನಾಗಿದೆ.

ಲೆಕ್ಕ ಹಾಕಿ. ಅವರ ಕಡೆಯಿಂದ ಪ್ರಧಾನಿ ಆಕ್ಟರ್ ಆದರು. ನಮ್ಮ ಕಡೆಯಿಂದ ಆಕ್ಟರ್ ಅಕ್ಷಯ್ ಕುಮಾರ್ ಕೆನಡಾ ಪ್ರಜೆ ಆಗಿದ್ದರು, 2023ರಲ್ಲಿ ವಾಪಸ್ ಬಂದರು. ಬಾಕಿ ಚುಕ್ತಾ.

ಸುಮಾ, ಸ್ಯಾನ್ ಹೋಸೆ

ಸಾರ್, ನಿಮ್ಮ ಅಳಿಯನಿಗೆ ನನ್ನ ಹತ್ತಿರ ಒಂದು ಉತ್ತರ ಇದೆ. ಈ ಕಡೆ ಕ್ಷಮೆ ಕೇಳಿದ ಅಧ್ಯಕ್ಷನೇ ಪಕ್ಕಾ ಸಿನಿಮಾ ನಟ. ರೊನಾಲ್ಡ್ ರೇಗನ್.

1942ರ ಫೆಬ್ರವರಿ 19ಕ್ಕೆ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಲ್ಲಿದ್ದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮುಳ್ಳುತಂತಿಯ ಕ್ಯಾಂಪುಗಳಿಗೆ ಹಾಕಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಸ್ಟಾರ್ ಟ್ರೆಕ್‌ನಲ್ಲಿ ಸುಲು ಪಾತ್ರ ಮಾಡಿದ ಜಾರ್ಜ್ ಟಕೈ ಆಗ ಐದು ವರ್ಷದ ಹುಡುಗ. ಮೊದಲು ಸಾಂಟಾ ಅನೀಟಾ ರೇಸ್‌ಕೋರ್ಸಿನ ಕುದುರೆ ಲಾಯದಲ್ಲಿ ಅವರ ಮನೆಯವರನ್ನೆಲ್ಲ ಇಟ್ಟರು. ಆಮೇಲೆ ದೂರದ ಅರ್ಕಾನ್ಸಾಸ್. ಅಲ್ಲಿನ ಕ್ಯಾಂಪ್ ಶಾಲೆಯಲ್ಲಿ ದಿನಾ ಬೆಳಿಗ್ಗೆ ಬಾವುಟದ ಮುಂದೆ ನಿಂತು 'ಎಲ್ಲರಿಗೂ ಸ್ವಾತಂತ್ರ್ಯ, ನ್ಯಾಯ' ಅಂತ ಪ್ರತಿಜ್ಞೆ ಹೇಳಿಸುತ್ತಿದ್ದರಂತೆ. ಹೇಳುವಾಗ ಕಿಟಕಿಯಲ್ಲಿ ಮುಳ್ಳುತಂತಿ ಕಾಣುತ್ತಿತ್ತು ಅಂತ ಅವರೇ ಎಷ್ಟೋ ಸಲ ಹೇಳಿದಾರೆ.

ಕರಾಟೆ ಕಿಡ್ ಮಿಯಾಗಿ ನೆನಪಿದೆಯಾ? ಆ ನಟ ಪ್ಯಾಟ್ ಮೊರಿಟಾ. ಎರಡು ವರ್ಷದವನಿದ್ದಾಗ ಬೆನ್ನುಮೂಳೆಗೆ ಕ್ಷಯ ಬಂದು ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ಮಲಗಿದ್ದ ಮಗು. ವಾಸಿಯಾಗಿ ಕಾಲೂರಿ ನಡೆಯುವ ಹೊತ್ತಿಗೆ ಮನೆಯವರು ಅರಿಜೋನಾದ ಕ್ಯಾಂಪಿನಲ್ಲಿದ್ದರು. ಆಸ್ಪತ್ರೆಯಿಂದ ಸೀದಾ ಅಲ್ಲಿಗೇ ಕರೆದುಕೊಂಡು ಹೋದರು. ಮನೆಗೆ ಬಂದೆ ಅನ್ನೋಕೆ ಮನೆಯೇ ಇಲ್ಲ.

ರೇಗನ್ ವಿಷಯಕ್ಕೆ ಬರ್ತೀನಿ. 1988ರ ಆಗಸ್ಟ್ 10ಕ್ಕೆ ಕ್ಷಮೆಯ ಕಾಯಿದೆಗೆ ಸಹಿ ಹಾಕಿದರು. ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಪರಿಹಾರ. ಅವತ್ತು ಭಾಷಣದ ಕೊನೆಗೆ ಒಂದು ಹಳೆಯ ಪೇಪರ್ ತುಣುಕು ಓದಿದರು. ಯುದ್ಧದಲ್ಲಿ ಸತ್ತ ಜಪಾನಿ ಮೂಲದ ಅಮೆರಿಕನ್ ಸೈನಿಕ ಕಜುವೊ ಮಸುಡಾನ ಪದಕವನ್ನು 1945ರಲ್ಲಿ ಅವನ ಮನೆಯವರಿಗೆ ಕೊಟ್ಟ ದಿನದ ಸುದ್ದಿ. ಆ ಮನೆಯವರು ಕ್ಯಾಂಪಿನಿಂದ ವಾಪಸ್ ಬಂದಿದ್ದವರು. ಅವತ್ತಿನ ಸಮಾರಂಭದಲ್ಲಿ ಒಬ್ಬ ಯುವ ನಟ ಮಾತಾಡಿದ್ದ. ಸಮುದ್ರದ ಮರಳಿಗೆ ಇಂಗಿದ ರಕ್ತಕ್ಕೆಲ್ಲ ಒಂದೇ ಬಣ್ಣ ಅನ್ನೋ ಅರ್ಥದ ಮಾತು. ಅದನ್ನು ಓದಿ, ಆ ನಟನ ಹೆಸರು ಸರಿಯಾಗಿ ಉಚ್ಚರಿಸ್ತೀನೋ ಇಲ್ವೋ ಅಂತ ಕೊಂಕು ಮಾಡಿ, 'ರೊನಾಲ್ಡ್ ರೇಗನ್' ಅಂದರು. ಸಭೆ ನಕ್ಕಿತು. ನಟನಲ್ಲದೆ ಬೇರೆ ಯಾರಿಗೆ ಆ ಟೈಮಿಂಗ್ ಬರುತ್ತೆ ಹೇಳಿ!

ನಟನೆ ಇತ್ತು, ಇಲ್ಲ ಅನ್ನಲ್ಲ. ಆದರೆ 1990ರ ಅಕ್ಟೋಬರ್‌ನಿಂದ ಚೆಕ್ ಬರೋಕೆ ಶುರುವಾಯಿತು. ಮೊದಲು ಎಲ್ಲರಿಗಿಂತ ವಯಸ್ಸಾದವರಿಗೆ. ಒಟ್ಟು 82,000ಕ್ಕೂ ಹೆಚ್ಚು ಜನಕ್ಕೆ. ನಮ್ಮ ಬೀದಿಯಲ್ಲಿ ಒಬ್ಬ ಜಪಾನಿ ಅಜ್ಜಿ ಇದ್ದರು, ಈಗಿಲ್ಲ. ಚೆಕ್ ಜೊತೆ ಬಂದ ಅಧ್ಯಕ್ಷರ ಪತ್ರವನ್ನು ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಅಲ್ಲ, ಅಡುಗೆಮನೆಯಲ್ಲಿ ತೂಗುಹಾಕಿದ್ದರು. ಕೇಳಿದ್ದಕ್ಕೆ 'ಹಾಲ್‌ನಲ್ಲಿ ಹಾಕುವಷ್ಟು ಬೇಗ ಬರಲಿಲ್ಲ' ಅಂದಿದ್ದರು.

ಸಂಶಯದ ಸೋಮಣ್ಣ, ಬೆಂಗಳೂರು

ಎಲ್ಲಾ ಸರಿ. ಆದರೆ ನನಗೆ ಈ ಕ್ಷಮೆಗಳ ಮೇಲೆ ನಂಬಿಕೆ ಕಮ್ಮಿ. ಟ್ರೂಡೊ ಕೇಳಿದ ಕ್ಷಮೆಗಳನ್ನು ಸುಮ್ನೆ ಎಣಿಸಿ. ಕೊಮಗಾಟಾ ಮಾರು ಆಯಿತು. 2018ರಲ್ಲಿ ಇನ್ನೊಂದು ಹಡಗಿಗೆ, 1939ರಲ್ಲಿ 907 ಯಹೂದಿಗಳನ್ನು ತುಂಬಿಕೊಂಡು ಬಂದು ಕೆನಡಾದ ಬಾಗಿಲೂ ಮುಚ್ಚಿದ್ದಕ್ಕೆ ವಾಪಸ್ ಹೋದ ಸೇಂಟ್ ಲೂಯಿಸ್. 2019ರಲ್ಲಿ ಉತ್ತರದ ಮೂಲನಿವಾಸಿಗಳಾದ ಇನೂಯಿಟ್ ಜನಕ್ಕೆ, 2021ರಲ್ಲಿ ಇಟಲಿ ಮೂಲದವರಿಗೆ, 2022ರಲ್ಲಿ ಮೊದಲ ಮಹಾಯುದ್ಧದ ಕಪ್ಪು ಸೈನಿಕರ ದಳಕ್ಕೆ. ಅವರಪ್ಪ ಪಿಯೆರ್ ಟ್ರೂಡೊ 1984ರಲ್ಲಿ ಅಧಿಕಾರ ಬಿಡುವ ಹೊತ್ತಿಗೆ, ಯುದ್ಧದ ಕಾಲದಲ್ಲಿ ಕೆನಡಾದಲ್ಲೂ ಕ್ಯಾಂಪಿಗೆ ಹಾಕಿದ್ದ ಜಪಾನಿ ಕೆನಡಿಯನ್ನರ ಕ್ಷಮೆ ಕೇಳೋಕೆ ಒಪ್ಪಲೇ ಇಲ್ಲ. ನಾವು ಮಾಡದ ತಪ್ಪಿಗೆ ನಾವು ಹೇಗೆ ಕೇಳೋದು ಅನ್ನೋ ವಾದ. ಕೊನೆಗೆ 1988ರಲ್ಲಿ ಆಗಿನ ಪ್ರಧಾನಿ ಮಲ್ರೋನಿ ಕೇಳಿದರು, ರೇಗನ್ ಸಹಿಯಾದ ಆರು ವಾರಕ್ಕೆ. ಅಪ್ಪ ಕೂಡಿಟ್ಟಿದ್ದನ್ನೆಲ್ಲ ಮಗ ಖರ್ಚು ಮಾಡಿದ ಅನ್ನಿ.

ಮತ್ತೆ ಆ ಫೋಟೋ? ಅದನ್ನು ಯಾರೂ ಎತ್ತಲಿಲ್ಲ ನೋಡಿ. 2019ರ ಸೆಪ್ಟೆಂಬರ್, ಚುನಾವಣೆ ಹೊತ್ತು. 2001ರಲ್ಲಿ ಟ್ರೂಡೊ ಟೀಚರ್ ಆಗಿದ್ದ ವ್ಯಾಂಕೂವರ್ ಶಾಲೆಯ ಪಾರ್ಟಿ. ಅಲ್ಲಾದೀನ್ ವೇಷ, ತಲೆಗೆ ಮುಂಡಾಸು, ಮುಖಕ್ಕೂ ಕೈಗೂ ಕಂದು ಬಣ್ಣ. ಸಿಖ್ಖರಿಗೆ ಪಾರ್ಲಿಮೆಂಟಲ್ಲಿ ಕ್ಷಮೆ ಕೇಳಿದವರದ್ದೇ ಆ ಫೋಟೋ. ಅದಕ್ಕೂ ಕ್ಷಮೆ ಕೇಳಿದರು, ಚುನಾವಣೆಯಲ್ಲಿ ಗೆದ್ದೂ ಗೆದ್ದರು.

ಆದರೂ ಒಂದು ಒಪ್ಪಿಕೊಳ್ಳಬೇಕು. ಅವರು 'ಕ್ಷಮಿಸಿ' ಅಂತಾದರೂ ಅಂದರು. ಬ್ರಿಟನ್ ಜಲಿಯನ್‌ವಾಲಾ ಬಾಗಿಗೆ 100 ವರ್ಷ ತುಂಬಿದಾಗಲೂ ಪ್ರಧಾನಿ ತೆರೇಸಾ ಮೇ ಬಾಯಲ್ಲಿ 'ವಿಷಾದ'ಕ್ಕಿಂತ ಮುಂದೆ ಹೋಗಲಿಲ್ಲ. ನಮ್ಮ ರಾಜಕಾರಣಿಗಳ ನೆಚ್ಚಿನ ಪದ ಅದು. 'ನನ್ನ ಹೇಳಿಕೆಯಿಂದ ಯಾರಿಗಾದರೂ ನೋವಾಗಿದ್ದಲ್ಲಿ ವಿಷಾದ ವ್ಯಕ್ತಪಡಿಸುತ್ತೇನೆ.' ಆ 'ಇದ್ದಲ್ಲಿ' ನೋಡಿ. ನೋವಾಗಿದ್ದು ನಿಮ್ಮ ಕಡೆಯ ಸಮಸ್ಯೆ ಅಂತ ಅರ್ಥ.

ನಾಟಕದ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಬರ್ನಬಿ ಭಾವ, ನಿಮ್ಮ ಎಲೆ-ಪೊಟ್ಟಣದ ಹೋಲಿಕೆಯನ್ನು ಇವತ್ತು ಪಾರ್ಕಿನಲ್ಲಿ ಹಿಂದಿಯಲ್ಲಿ ಹೇಳಲು ಹೋದೆ. ಗುರುದ್ವಾರದ ಲಂಗರ್ ಊಟಕ್ಕೆ ಎಲ್ಲರೂ ಒಂದೇ ಸಾಲಲ್ಲಿ ಕೂರುವವರು ಅವರು, ಗೇಟಿನ ಹತ್ತಿರ ಯಾಕೆ ಊಟ ಅಂತ ಅವರಿಗೆ ಅರ್ಥವೇ ಆಗಲಿಲ್ಲ. ಸುಮಾ ಅವರೇ, ರೇಗನ್ ಕಥೆಯನ್ನು ಅಳಿಯನಿಗೆ ಓದಿ ಹೇಳಿದೆ. 'ಅವರು ಚೆಕ್ ಕೊಟ್ರಲ್ಲ ಮಾವ' ಅಂದ. ಆಯ್ತಪ್ಪಾ ಅಂದೆ.

ಸೋಮಣ್ಣನವರೇ, ಆ ಫೋಟೋ ವಿಷಯ ಓದಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಮಗಳಿಗೂ ಹೇಳದ ಒಂದು ವಿಷಯ ಇಲ್ಲಿ ಬರೆಯುತ್ತೇನೆ.

ಎಂಬತ್ತರ ದಶಕದ ಕೊನೆ. ನಮ್ಮ ಶಾಲೆಯಲ್ಲಿ ಪೌರಾಣಿಕ ನಾಟಕ. ಬಣ್ಣದ ಡಬ್ಬಿ, ಮೀಸೆ, ಗದೆ ಎಲ್ಲ ಬಾಡಿಗೆಗೆ ಶಿವಮೊಗ್ಗದಿಂದ ತರಬೇಕಿತ್ತು. ರಾಕ್ಷಸನ ಪಾತ್ರಕ್ಕೆ ನಾನು ಪ್ರತಿ ವರ್ಷ ಒಬ್ಬನೇ ಹುಡುಗನನ್ನು ಹಾಕುತ್ತಿದ್ದೆ. ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಮೂರು ವರ್ಷ. ಅವನ ಗಂಟಲು ಚೆನ್ನಾಗಿತ್ತು, ಅದು ನಿಜ. ಆದರೆ ಅರ್ಜುನನ ಮಾತುಗಳೂ ಅವನಿಗೆ ಬಾಯಿಪಾಠ ಬರುತ್ತಿತ್ತು. ಅರ್ಜುನ ಮಾಡಬೇಕಿದ್ದವನು ಜ್ವರ ಬಂದು ಮಲಗಿದಾಗ ರಿಹರ್ಸಲ್‌ನಲ್ಲಿ ಇವನೇ ಒಂದೂ ತಪ್ಪದೆ ಹೇಳಿದ್ದ. ನಾನು ಕೇಳಿಸಿಕೊಂಡು, ಭೇಷ್ ಅಂದು, ಮತ್ತೆ ರಾಕ್ಷಸನನ್ನೇ ಮಾಡಿಸಿದೆ.

ಮೂರನೇ ವರ್ಷ ಪಾತ್ರ ಪರಿಚಯ ಮಾಡುವಾಗ ಮೈಕಿನಲ್ಲಿ ಅಂದೆ, 'ಇವನಿಗೆ ಬಣ್ಣದ ಖರ್ಚಿಲ್ಲ, ದೇವರೇ ಹಚ್ಚಿ ಕಳಿಸಿದಾನೆ.' ಮೈದಾನ ಪೂರ್ತಿ ನಕ್ಕಿತು. ಅವನೂ ನಕ್ಕ. ಮುಂದಿನ ಚಾಪೆಯಲ್ಲಿ ಕೂತಿದ್ದ ಅವನ ಅಮ್ಮ ಸೆರಗು ಸರಿ ಮಾಡಿಕೊಂಡರು. ಇಷ್ಟು ವರ್ಷವಾದರೂ ನನಗೆ ನೆನಪಿರುವುದು ಆ ಸೆರಗು. ಕೆನಡಾದಂತೆ ಹಡಗು ಓಡಿಸಿದ ಕಥೆ ಇದಲ್ಲ, ಗೊತ್ತು. ಆದರೆ ಯಾರದೋ ಫೋಟೋ ನೋಡಿ 'ಛೆ' ಅನ್ನೋಕೆ ನನಗೆ ಬಾಯಿ ಬರಲಿಲ್ಲ.

ಅವನು ಈಗ ಊರಲ್ಲೇ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನಮ್ಮ ಬಾವಿಯ ಪಂಪು ಸುಟ್ಟಾಗ ಅವನೇ ಬಿಚ್ಚಿಕೊಂಡು ಹೋಗಿ ರಿಪೇರಿ ಮಾಡಿ ತಂದಿದ್ದು. ತಂತಿಯ ದುಡ್ಡು ಮಾತ್ರ ತೆಗೆದುಕೊಂಡ, 'ಕೂಲಿ ಬೇಡ ಸಾರ್, ನೀವು ನಮ್ಮ ಮೇಷ್ಟ್ರು' ಅಂದ. ಅವತ್ತೇ ಹೇಳಬಹುದಿತ್ತು. ಕಾಫಿ ಕುಡೀತೀಯಾ ಅಂತ ಕೇಳಿದೆ, ಅಷ್ಟೇ.

ಇವತ್ತು ಬೆಳಿಗ್ಗೆ ಅವನ ನಂಬರ್ ತೆಗೆದೆ. ಅಲ್ಲಿ ರಾತ್ರಿ ಒಂಬತ್ತೂವರೆ, ಮಲಗಿರಲ್ಲ. ಹಾಗೇ ಇಟ್ಟೆ. ವಾಟ್ಸಾಪಿನಲ್ಲಿ ಬರೆಯೋಣ ಅಂದರೆ 'ನಿನಗೆ ನೋವಾಗಿದ್ದಲ್ಲಿ' ಅಂತಲೇ ಬೆರಳು ಓಡಿತು. ಅಳಿಸಿದೆ. ಫೋನ್ ಮಾಡಿದರೆ ಸಾಕಾ, ಊರಿಗೆ ಹೋದ ಮೇಲೆ ಅಂಗಡಿಗೇ ಹೋಗಲಾ?

ಸುಮಾ, ಸ್ಯಾನ್ ಹೋಸೆ

ಅಂಗಡಿಗೆ ಹೋಗಿ ಸಾರ್. ಗಿರಾಕಿಗಳು ಇರುವ ಹೊತ್ತಿಗೆ ಹೋಗಬೇಡಿ ಅಂತ ಹೇಳೋಣ ಅಂದುಕೊಂಡೆ. ಆಮೇಲೆ ಯೋಚನೆ ಮಾಡಿದೆ, ನಕ್ಕಿದ್ದು ಊರೆಲ್ಲ ಅಲ್ವಾ.

ಲಾಸ್ಟ್ ಬೆಂಚ್, ದಾವಣಗೆರೆ

ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಆ ಸ್ಕೂಲಲ್ಲಿ ಈಗಲೂ ಸ್ಕೂಲ್ ಡೇ ನಡೆಯುತ್ತಾ?

ನಾಟಕದ ಮೇಷ್ಟ್ರು

ನಡೆಯುತ್ತಪ್ಪಾ. ಜನವರಿ ಕೊನೆ ವಾರ. ಮುಖ್ಯ ಅತಿಥಿ ಆಗಿ ಬನ್ನಿ ಅಂತ ಹೋದ ತಿಂಗಳೇ ಕರೆದಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.